ಕಡಲ ತಳದ ಒಗ್ಗರಣೆ

ಬೆಳಗಿನ ಐದೂವರೆ. ಜತ್ತ ಬಸ್ ನಿಲ್ದಾಣದ ಎದುರಿನ ಪುಟ್ಟ ಖಾನಾವಳಿಯಲ್ಲಿ ಅಮೋಗಸಿದ್ದ ಜೋಳದ ಹಿಟ್ಟು ನಾದುತ್ತಿದ್ದಾರೆ. ಪರಾತದ ಕೆಳಗೆ ಹಳೆಯ ಕಂಬಳಿಯ ತುಂಡು, ಸೌಟುಗಳ ನಡುವೆ ಬಟ್ಟೆ. ಮುಚ್ಚಳ ಇಟ್ಟರೂ ಸಪ್ಪಳವಿಲ್ಲ. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿರುವ ಹೆಂಡತಿ ದುಂಡವ್ವನಿಗೆ ಇದೊಂದು ನಗೆಯ ವಿಷಯ. “ಮನ್ಯಾಗ ಬೆಕ್ಕರೆ ಸಪ್ಪಳ ಮಾಡ್ತೈತ್ರಿ, ಇವ್ರು ಮಾಡಂಗಿಲ್ಲ” ಎನ್ನುತ್ತಾರೆ.

ಈ ಅಭ್ಯಾಸ ಬಂದದ್ದು ಸಮುದ್ರದ ಕೆಳಗೆ. ತಿಕೋಂಡಿಯ ಕುರಿಗಾರರ ಮನೆಯ ಈ ಮನುಷ್ಯ ೧೯೬೨ರಲ್ಲಿ ಅಡುಗೆಯವರಾಗಿ ನೌಕಾದಳ ಸೇರಿದರು. ಆರು ವರ್ಷ ಹಡಗಿನಲ್ಲಿ, ಮುಂದಿನ ಆರು ವರ್ಷ ರಷ್ಯಾದಿಂದ ತಂದ ಜಲಾಂತರ್ಗಾಮಿಯಲ್ಲಿ. ಅಲ್ಲಿ ಸೌಟು ಬಿದ್ದ ಸಪ್ಪಳವೂ ನೀರೊಳಗೆ ಹಾದು ಶತ್ರುವಿನ ಹಡಗಿಗೆ ಕೇಳಿಸೀತು. ಊರಿಗೆ ಮರಳಿ ಎರಡು ವರ್ಷವಾಯಿತು. ಇವರ ಕೈಯ ರೊಟ್ಟಿ ಉಂಡು ಬಸ್ಸು ಹತ್ತುವವರಲ್ಲಿ ಇದು ಗೊತ್ತಿರುವವರು ಕಡಿಮೆ.

ಜಲಾಂತರ್ಗಾಮಿಯೊಳಗೆ ಎಪ್ಪತ್ತೈದು ಮಂದಿ, ದಿನಕ್ಕೆ ಮುನ್ನೂರು ಚಪಾತಿ, ಇಬ್ಬರು ನಿಲ್ಲಲಾಗದ ಅಡುಗೆಮನೆ. ಸಿಹಿನೀರು ಕುಡಿಯಲು ಮತ್ತು ಬೇಯಿಸಲು ಮಾತ್ರ, ಸ್ನಾನದ ಮಾತೇ ಇಲ್ಲ. ಒಬ್ಬ ಎದ್ದ ಬೆಚ್ಚಗಿನ ಹಾಸಿಗೆಯಲ್ಲೇ ಇನ್ನೊಬ್ಬ ಮಲಗಬೇಕು. ಇಷ್ಟಾದರೂ ಅಮೋಗಸಿದ್ದರಿಗೆ ಆ ಕೆಲಸವೇ ಬೇಕಿತ್ತು. “ದೊಡ್ಡ ಹಡಗನ್ಯಾಗ ಸಾಹೇಬ್ರ ಅಡಗಿ ಬ್ಯಾರೆ, ನಮ್ದು ಬ್ಯಾರೆರಿ. ಇಲ್ಲಿ ಕ್ಯಾಪ್ಟನ್ ಸಾಹೇಬ್ರಿಂದ ಹಿಡ್ದು ಎಲ್ಲಾರಿಗೂ ಒಂದ ಒಲಿ. ನಾ ಉಣ್ಣೂದ ಅವ್ರೂ ಉಣ್ಣೂದು. ಅದನ್ನ ಬಿಟ್ಟು ಬರಾಕ ಮನಸ ಇರಲಿಲ್ರಿ.”

ಆ ಕೆಲಸಕ್ಕೇ ಸಂಚಕಾರ ತಂದದ್ದು ಒಂದು ಹಿಡಿ ಮೆಣಸಿನಕಾಯಿ. ೧೯೭೧ರ ಬೇಸಿಗೆಯ ತಾಲೀಮು. ಮೇಲೆ ನಮ್ಮದೇ ಹಡಗೊಂದು ಹುಡುಕುತ್ತಿದೆ, ಕೆಳಗೆ ಇವರು ಅಡಗಿ ಕೂತಿದ್ದಾರೆ. ಸಪ್ಪೆ ಬೇಳೆ ತಿಂದು ಎಲ್ಲರ ನಾಲಿಗೆ ಜಡ್ಡುಗಟ್ಟಿದೆ. ನಮ್ಮ ಕಡೆಯವರ ಕೈ ಸುಮ್ಮನಿದ್ದೀತೆ? ಅಮೋಗಸಿದ್ದ ಕಾದ ಎಣ್ಣೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬಿಟ್ಟೇಬಿಟ್ಟರು. ಕಿಟಕಿಯಿಲ್ಲದ ಜಾಗ, ಘಾಟು ಹೋಗುವುದಾದರೂ ಎಲ್ಲಿಗೆ? ಎಪ್ಪತ್ತೈದು ಮಂದಿಯೂ ಕೆಮ್ಮತೊಡಗಿದರು. ಗಾಳಿಗಾಗಿ ಮೇಲೇರದೆ ಗತ್ಯಂತರವಿರಲಿಲ್ಲ. ಏರಿದ್ದೇ ತಡ, ಹುಡುಕುವವರ ಕಣ್ಣಿಗೆ ಬಿದ್ದರು.

“ಖರೇ ಯುದ್ಧ ಆಗಿದ್ರ ಎಲ್ಲಾರೂ ಸಾಯ್ತಿದ್ವಿ ಅಂದ್ರು ಕ್ಯಾಪ್ಟನ್ ಸಾಹೇಬ್ರು. ಇನ್ನೊಮ್ಮೆ ಘಾಟ ಎದ್ರ ನಿನ್ನ ದಂಡಿಗೆ ಇಳಸ್ತೀನಿ ಅಂದ್ರು. ಭಾಳ ನಾಚಿಕಿ ಆತ್ರಿ.”

ಡಿಸೆಂಬರಿನಲ್ಲಿ ನಿಜವಾದ ಯುದ್ಧವೇ ಬಂತು. ಹೊರಡುವ ಮುನ್ನ ಅವರು ದಂಡೆಯಲ್ಲೇ ಮೆಣಸಿನಕಾಯಿ ಹುರಿದು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಡಬ್ಬಿಗಳಿಗೆ ತುಂಬಿಕೊಂಡರು. ಹದಿನೆಂಟು ದಿನ ಬೇಳೆ ಬೇಯಿಸಿದರು, ಹಿಂಡಿ ಬಡಿಸಿದರು, ಎಣ್ಣೆ ಕಾಯಿಸಲಿಲ್ಲ. ಯಾವ ಕಡೆ ಹೋಗಿದ್ದಿರಿ ಎಂದರೆ ನಕ್ಕು ಮತ್ತೆ ಹಿಟ್ಟು ನಾದತೊಡಗುತ್ತಾರೆ, ಅದನ್ನು ಹೇಳುವಂತಿಲ್ಲ. ಮರಳಿ ಬಂದದ್ದನ್ನು ಮಾತ್ರ ಕೇಳದೆಯೂ ಹೇಳುತ್ತಾರೆ.

“ಬಂದರಕ್ಕ ಬಂದ್ವಿ. ಮ್ಯಾಲಿನ ಬಾಗಲಾ ತೆರದ್ರು, ಗಾಳಿ ಬಂತು. ಕ್ಯಾಪ್ಟನ್ ಸಾಹೇಬ್ರು ಸೀದಾ ನನ್ನ ಒಲಿ ಕಡೆ ಬಂದು, ಈಗ ಹಾಕಪ್ಪಾ ಒಗ್ಗರಣಿ ಅಂದ್ರು. ಹಾಕಿದೆ. ಸಾಹೇಬ್ರು ಸುದ್ದಾ ಕೆಮ್ಮಿದ್ರು. ಯಾರೂ ಬೈಲಿಲ್ರಿ.”