ಹುಸೇನಬಿಯ ಬೆರಳಿಗೆ ಒಪ್ಪಿಗೆಯಾಗುವ ತನಕ

ಕೌದಿ ಕಲಿಸುವ ಟೀಚರಾಗಿ ಎರಡು ವರ್ಷ ಕಳೆದಿದ್ದರೂ ನನಗೆ ನೆಟ್ಟಗೆ ಒಂದು ಸಾಲು ಹೊಲಿಗೆ ಹಾಕಲು ಬರುತ್ತಿರಲಿಲ್ಲ. ಈ ಮಾತನ್ನು ಆಗಲೇ ಹೇಳಿದ್ದರೆ ದಾವಣಗೆರೆಯ ಮಹಿಳಾ ಸಮಾಜದವರು ನನ್ನನ್ನು ಮನೆಗೆ ಕಳಿಸುತ್ತಿದ್ದರು. ಈಗ ಹೇಳಿದರೆ ನೀವು ನಕ್ಕು ಸುಮ್ಮನಾಗುತ್ತೀರಿ ಎಂಬ ಧೈರ್ಯ.

ನನಗೆ ಬರುತ್ತಿದ್ದದ್ದು ಚಿತ್ರ. ಚೌಕುಳಿ ಕಾಗದದ ಮೇಲೆ ಬಣ್ಣದ ಪೆನ್ಸಿಲು ಹಿಡಿದು, ಎಲ್ಲಿ ಕೆಂಪು ತುಂಡು ಕೂಡಬೇಕು, ಎಲ್ಲಿ ಹಸಿರು ತಿರುಗಬೇಕು ಎಂದು ಬರೆದುಕೊಟ್ಟರೆ ನೋಡಿದವರು ತಲೆದೂಗುತ್ತಿದ್ದರು. ಹೊಲಿಗೆ ಮಾತ್ರ ಸಂತೆಗೆ ಹೊರಟ ಎಮ್ಮೆಯ ಹಾಗೆ ಅತ್ತ ಇತ್ತ ನೋಡಿಕೊಂಡು ಹೋಗುತ್ತಿತ್ತು. ಹುಡುಗಿಯರು ಚಿತ್ರವನ್ನು ನನ್ನಿಂದ ಒಯ್ದು ಹೊಲಿಗೆಯನ್ನು ತಮ್ಮ ಅಜ್ಜಿಯರಿಂದ ಕಲಿತು ಬರುತ್ತಿದ್ದರು. ಹೊಗಳಿಕೆ ನನಗೆ ಸಲ್ಲುತ್ತಿತ್ತು. ನಾನು ಬೇಡವೆನ್ನುತ್ತಿರಲಿಲ್ಲ.

ಕೌದಿ ಎಂಬುದು ವಿಚಿತ್ರವಾದ ಬಟ್ಟೆ. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ತುಂಡುಗಳನ್ನು ಹೊಂದಿಸಿ, ಎಲ್ಲವನ್ನೂ ದಾರದಲ್ಲಿ ಹಿಡಿದಿಡುವುದು. ಅತ್ತೆಯ ಸೀರೆ, ಸೊಸೆಯ ಕುಬುಸ, ಮಾವನ ಪಂಚೆ, ಎಲ್ಲರೂ ಅದರಲ್ಲಿ ತಕರಾರಿಲ್ಲದೆ ಒಟ್ಟಿಗಿರುತ್ತಾರೆ. ಮನೆಯಲ್ಲಿ ಹಾಗಿದ್ದದ್ದನ್ನು ನಾನು ಕಂಡಿಲ್ಲ. ಕೌದಿ ಎಂಬ ಪದ ಎಲ್ಲಿಂದ ಬಂತೆಂದು ಪರಿಚಯದ ಕನ್ನಡ ಮೇಷ್ಟ್ರೊಬ್ಬರನ್ನು ಕೇಳಿದ್ದೆ. ನೋಡಿ ಹೇಳುತ್ತೇನೆಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಮೂರನೇ ವರ್ಷ ಸಮಾಜದವರು ನನ್ನನ್ನು ಶನಿವಾರದ ದಿನ ಹರಿಹರಕ್ಕೂ ಕಳಿಸತೊಡಗಿದರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್ಸು. ಅಲ್ಲಿನ ತರಗತಿಯ ಹಿಂದಿನ ಸಾಲಿನಲ್ಲಿ, ಅರವತ್ತು ದಾಟಿದ ಹುಸೇನಬಿ ಎಂಬ ಹೆಂಗಸು ಮೊಮ್ಮಗಳ ಕೈ ಹಿಡಿದು ಬಂದು ಕೂತಿದ್ದಳು. ಮಾದರಿಯೆಂದು ನಾನು ಹೊಲಿದು ತಂದಿದ್ದ ತುಂಡು ಕೈಯಿಂದ ಕೈಗೆ ಹೋಗಿ ಅವಳನ್ನು ಮುಟ್ಟಿತು. ಅವಳು ಅದನ್ನು ತಿರುವಿ ಹಾಕಿ ಒಂದು ಬೆರಳನ್ನು ಮೆಲ್ಲಗೆ ಓಡಿಸಿದಳು. ನಡುವೆ ಬೆರಳು ನಿಂತಿತು.

"ಟೀಚರಮ್ಮಾ, ಇಲ್ಲಿ ನಿಮಗೆ ಕೆಮ್ಮು ಬಂದಿತ್ತೇನ್ರಿ?"

ಇಡೀ ತರಗತಿ ಘೊಳ್ಳೆಂದು ನಕ್ಕಿತು. ಸಂಜೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಇನ್ನು ಹರಿಹರದ ಮುಖ ನೋಡುವುದಿಲ್ಲವೆಂದು ನಿಶ್ಚಯಿಸಿದೆ. ದಾವಣಗೆರೆಯಲ್ಲಿ ಇಳಿಯುವ ಹೊತ್ತಿಗೆ ನಿಶ್ಚಯ ಬದಲಾಗಿತ್ತು. ಆ ಮುದುಕಿಯಿಂದಲೇ ಕಲಿಯುತ್ತೇನೆ, ಅವಳ ಬೆರಳು ಎಲ್ಲೂ ನಿಲ್ಲದ ಹಾಗೆ ಹೊಲಿಯುತ್ತೇನೆ ಎಂದುಕೊಂಡೆ. ಹಟಕ್ಕೆ ನಾನು ನಮ್ಮಮ್ಮನ ಮಗಳೇ.

ಮುಂದಿನ ಶನಿವಾರ ತರಗತಿ ಮುಗಿದ ಮೇಲೆ ಹುಸೇನಬಿಯ ಮನೆಗೇ ಹೋದೆ. ಆಗ ತಿಳಿಯಿತು, ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮಂಚದ ಮೇಲೆ ಅರ್ಧ ಹೊಲಿದ ಕೌದಿ. ಮೊಮ್ಮಗಳು ಮೆಹರುನ್ನಿಸಾಳ ಮದುವೆಗೆಂದು ಶುರು ಮಾಡಿದ್ದು, ಕಣ್ಣು ಮಂಜಾದ ಮೇಲೆ ಹೊಲಿಯಲಾಗದೆ ಅರ್ಧಕ್ಕೇ ನಿಂತಿತ್ತು. ನಾಲ್ಕು ಮೂಲೆಯಿಂದ ಹೊರಟ ಹೊಲಿಗೆಗಳು ಒಂದನ್ನೊಂದು ತಪ್ಪಿಸಿಕೊಂಡು ನಡುಮಧ್ಯಕ್ಕೆ ಸುತ್ತಿ ಬರುವ ಆ ವಿನ್ಯಾಸವನ್ನು ಅವಳ ತಾಯಿ ಕಲಿಸಿದ್ದಂತೆ. ಬೇರೆ ಯಾರಿಗೂ ಬಾರದು.

"ಡಾಕ್ಟ್ರು ಕಣ್ಣು ಕುಯ್ಸಿಕ್ಯಾ ಅಂತಾರ್ರಿ. ಇದು ಮುಗಿಯೋತನಕ ಬ್ಯಾಡ ಅಂದೀನಿ. ಆಮೇಲೆ ಹೆಂಗಾಗುತ್ತೋ ಯಾರಿಗೆ ಗೊತ್ತೈತೆ?"

"ಹೆಂಗೆ ಹೋಗುತ್ತೆ ಅಂತ ಹೇಳ್ರಿ ಅಮ್ಮಾ, ನಾನು ಬರ್ಕೊಂತೀನಿ," ಎಂದೆ.

"ಕೈಗೆ ಗೊತ್ತೈತ್ರಿ. ಬಾಯಿಗೆ ಗೊತ್ತಿಲ್ಲ."

ನೋಡಿ ನನ್ನ ಪೇಚು. ಅವಳು ಹೇಳಲಾರಳು, ನಾನು ಬರೆದದ್ದನ್ನು ನೋಡಲಾರಳು. ಉಳಿದದ್ದು ಒಂದೇ ದಾರಿ. ಆಗಿರುವ ಅರ್ಧವನ್ನು ಎಣಿಸಿ, ಉಳಿದರ್ಧ ಹೀಗಿರಬಹುದೆಂದು ಊಹಿಸಿ ಕಾಗದದ ಮೇಲೆ ಬರೆಯಬೇಕು. ಬರೆದದ್ದನ್ನು ಒಂದು ತುಂಡಿನ ಮೇಲೆ ಹೊಲಿಯಬೇಕು. ಅವಳು ಬೆರಳಿನಲ್ಲಿ ಓದಿ ಸರಿ ತಪ್ಪು ಹೇಳಬೇಕು. ಸೊಟ್ಟ ಹೊಲಿಗೆಯಲ್ಲಿ ವಿನ್ಯಾಸ ಎಲ್ಲಿ ತಿರುಗಿತು, ಟೀಚರು ಎಲ್ಲಿ ತಪ್ಪಿದಳು ಎಂದು ಯಾವ ಬೆರಳಿಗೂ ಗೊತ್ತಾಗದು. ಇನ್ನು ನೆಟ್ಟಗೆ ಹೊಲಿಯದೆ ವಿಧಿಯಿರಲಿಲ್ಲ.

ದಿನವೂ ಅಡುಗೆಯಾದ ಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಹೊಲಿದೆ. ಸೂಜಿ ಚುಚ್ಚಿ ಚುಚ್ಚಿ ಎಡಗೈ ಬೆರಳು ತೂತಾಯಿತು. "ನಿನ್ನ ಕೈಯನ್ನೇ ಕೌದಿಗೆ ಸೇರಿಸ್ತೀಯೇನೆ?" ಎಂದರು ನಮ್ಮ ಯಜಮಾನರು. ಸಾರಿಗೆ ಉಪ್ಪು ಕಡಿಮೆಯಾದ ದಿನಗಳಲ್ಲಿ ಅದನ್ನು ಮಾತ್ರ ಹೇಳಲಿಲ್ಲ, ಪುಣ್ಯಾತ್ಮ.

ಮೊದಲ ತುಂಡನ್ನು ಹುಸೇನಬಿ ಮುಟ್ಟಿ ಪಕ್ಕಕ್ಕಿಟ್ಟಳು. ಎರಡನೆಯದರಲ್ಲಿ ಒಂದು ಮೂಲೆ ದಾಟಿದಳು. ಮೂರನೆಯದು, ನಾಲ್ಕನೆಯದು, "ಬಿಚ್ರಿ, ಮತ್ತೆ ಹಾಕ್ರಿ." ಐದನೆಯದನ್ನು ಓದುತ್ತ ಓದುತ್ತ ನಾಲ್ಕೂ ಮೂಲೆಯಿಂದ ಅವಳ ಬೆರಳು ತಡೆಯದೆ ನಡುವಿಗೆ ಬಂತು. ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡು ಕೂತಳು.

"ನಮ್ಮಮ್ಮಾಂದು," ಅಂದಳು. ನಾನು ಎದ್ದು ಹೋಗಿ ನೀರು ಕುಡಿದೆ. ಬಾಯಾರಿಕೆಯೇನೂ ಇರಲಿಲ್ಲ.

ಆ ಕೌದಿಯ ಉಳಿದರ್ಧವನ್ನು ಹರಿಹರದ ತರಗತಿಯ ಹೆಂಗಸರೆಲ್ಲ ಸೇರಿ ಕಾಗದ ನೋಡಿಕೊಂಡು ಹೊಲಿದರು. ಹುಸೇನಬಿ ನಡುವೆ ಕೂತು ಪ್ರತಿ ಸಾಲನ್ನೂ ಮುಟ್ಟಿ ಪಾಸು ಫೇಲು ಮಾಡಿದಳು. ಮದುವೆಗೆ ನಾಲ್ಕು ದಿನವಿರುವಾಗ ಮುಗಿಯಿತು. ಮೆಹರುನ್ನಿಸಾ ಅದನ್ನು ಎದೆಗವಚಿಕೊಂಡೇ ಗಂಡನ ಮನೆಗೆ ಹೋದಳು.

ಮದುವೆಯಾದ ಮೇಲೆ ಹುಸೇನಬಿ ತಾನೇ ಹೇಳಿದ್ದಂತೆ ದಾವಣಗೆರೆಯ ಆಸ್ಪತ್ರೆಗೆ ಬಂದು ಪೊರೆ ತೆಗೆಸಿಕೊಂಡಳು. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ಮಗನ ಜೊತೆ ನಮ್ಮ ಮನೆಗೇ ಬಂದಳು. ಬಾಗಿಲು ತೆಗೆದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಟೀಚರಮ್ಮ ಇಲ್ಲೇನವ್ವಾ?"

"ನಾನೇ, ಬರ್ರಿ ಒಳಗೆ," ಎಂದೆ.

ಹುಸೇನಬಿ ಬಾಗಿಲಲ್ಲೇ ನಿಂತುಬಿಟ್ಟಳು. ನನ್ನದು ಚಿಕ್ಕಂದಿನಿಂದ ಒಡಕು ಗಂಟಲು. ಅದನ್ನು ಕೇಳಿ, ನಾನೂ ಅವಳ ವಯಸ್ಸಿನವಳೇ ಎಂದುಕೊಂಡಿದ್ದಳಂತೆ. ನನಗಾಗ ಇಪ್ಪತ್ತೊಂಬತ್ತು.

"ಅಯ್ಯ, ನನ್ನ ಮಗಳಿಗಿಂತ ಸಣ್ಣಾಕಿ! ಇಷ್ಟು ದಿನ ಹೋಗ್ರಿ ಬರ್ರಿ ಅಂತ ಮರ್ಯಾದಿ ಕೊಟ್ಟು ಬೈದೆನಲ್ಲೇ!"

ಅಂದಿನಿಂದ ನನ್ನನ್ನು ಏಕವಚನದಲ್ಲಿ ಬೈಯತೊಡಗಿದಳು. ಬಹುವಚನದ ಬೈಗುಳದಿಂದ ನನ್ನ ಹೊಲಿಗೆ ನೆಟ್ಟಗಾಗಿತ್ತು, ನಿಜ. ಅಂದವಾದದ್ದು ಮಾತ್ರ ಏಕವಚನ ಶುರುವಾದ ಮೇಲೆಯೇ.