ನನ್ನ ಹಲ್ಲು ನೋಡಿದ ವಿದ್ಯಾರ್ಥಿನಿ

“ಸರ್, ನೀವು ಹೇಳಿದ್ದು ಖರೇ ಐತಂತ್ರಿ.”

ದೇವಿಕೊಪ್ಪದ ಗಂಗವ್ವ ನನ್ನ ಮೇಜಿನ ಮುಂದೆ ನಿಂತು ಹೀಗೆಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಎಂಬತ್ತರ ದಶಕದಲ್ಲಿ ನಾನು ಕಲಘಟಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೆ. ಹಿಂದಿನ ವಾರವಷ್ಟೇ ಬಿ.ಎ. ಮೊದಲ ವರ್ಷದವರನ್ನು ಕಪಾಟುಗಳ ನಡುವೆ ನಿಲ್ಲಿಸಿಕೊಂಡು, ‘ಅಚ್ಚಾದದ್ದೆಲ್ಲ ನಿಜವಲ್ಲ. ಒಂದೇ ಪುಸ್ತಕವನ್ನಾಗಲಿ, ಒಬ್ಬರ ಮಾತನ್ನಾಗಲಿ ನಂಬಬೇಡಿ, ಇನ್ನೊಂದು ಕಡೆಯೂ ನೋಡಿ’ ಎಂದು ಜೋರಾಗಿ ಪಾಠ ಮಾಡಿದ್ದೆ.

“ಖರೇ ಐತಿ ಅಂತ ಯಾರಂದ್ರು?”

“ನಿನ್ನೆ ಅಪ್ಪನ ಜೋಡಿ ಹುಬ್ಬಳ್ಳಿಗೆ ಹೋಗಿದ್ದೆರಿ. ಅಲ್ಲಿ ಕಾಲೇಜಿನ ಲೈಬ್ರರಿಯವ್ರನ್ನ ಕೇಳಿದೆ. ನಿಮ್ಮ ಸರ್ ಹೇಳಿದ್ದು ಬರೋಬ್ಬರಿ ಐತಿ ಅಂದ್ರು.”

ನನಗೆ ಸಿಟ್ಟೇ ಬಂತು. “ನನ್ನ ಮ್ಯಾಲೆ ನಂಬಿಕಿ ಇಲ್ಲೇನವಾ?”

“ಹಂಗಲ್ರಿ ಸರ್,” ಎಂದಳು ಆಕೆ ಶಾಂತವಾಗಿ. “ಒಬ್ಬರ ಮಾತು ನಂಬಬ್ಯಾಡ್ರಿ ಅಂತ ಹೇಳಿದವರು ನೀವೊಬ್ಬರೇ ಇದ್ರಲ್ರಿ. ಎತ್ತು ಮಾರಾವ ಚಲೋ ಐತಿ ಅಂದ್ರೂ ನಮ್ಮಪ್ಪ ಬಾಯಿ ತೆರದು ಹಲ್ಲು ನೋಡೇ ಕೊಳ್ಳೂದ್ರಿ.”

ನನ್ನ ಹಲ್ಲನ್ನೂ ನೋಡಿಯಾಗಿತ್ತು, ಪುಣ್ಯಕ್ಕೆ ಪಾಸಾಗಿದ್ದೆ. ನಿವೃತ್ತನಾಗುವವರೆಗೂ ಆ ಪಾಠದ ಕೊನೆಗೆ, ‘ನೆನಪಿರಲಿ, ಇದನ್ನು ಹೇಳುತ್ತಿರುವವನೂ ನಾನೊಬ್ಬನೇ’ ಎಂದು ಸೇರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಹೋಗಿ ಕೇಳಿಕೊಂಡು ಬಂದವಳು ಮಾತ್ರ ಗಂಗವ್ವ ಒಬ್ಬಳೇ.