ತನ್ನ ಬೇಲಿಯ ಬಗ್ಗೆ ಬಾಯಿ ಬಿಡದವನು

ಸಿಪ್ರಿಯನ್ ಮಾರೊ ಗುರುವಾರ ಸಂಜೆ ತನ್ನ ಬೇಲಿಯ ಬಳಿ ನಿಂತಲ್ಲೇ ಕುಸಿದು ತೀರಿಕೊಂಡ. ಅರವತ್ತೊಂದು ವರ್ಷ. ಶನಿವಾರ ಹೂಳಿದೆವು. ಪಾದ್ರಿಗಳು ಸಿಗಲಿಲ್ಲ, ಚರ್ಚಿನಲ್ಲಿ ಹಾಡುವವನು ನಾನಾದ್ದರಿಂದ ಕೊನೆಯ ಪ್ರಾರ್ಥನೆಯನ್ನೂ ನಾನೇ ಹಾಡಿದೆ.

ಆದರೆ ಆ ಗುರುವಾರವನ್ನು ಬರೆಯಲು ಕೂತರೆ ಈಗಲೂ ನನ್ನ ಕೈ ಓಡುತ್ತದೆ. ಅಂಥ ದಿನವನ್ನು ನಮ್ಮ ಊರು ಕಂಡಿರಲಿಲ್ಲ.

ನಮ್ಮ ಊರು ಕಾರೊಂಡೆಲೆ. ಪಕ್ಕದ ಸೇಂಟ್ ಲೂಯಿಸಿನವರು ಹಂಗಿಸುತ್ತ ‘ಖಾಲಿ ಜೇಬು’ ಅನ್ನುತ್ತಾರೆ. ನಾವು ಅವರ ಊರನ್ನು ‘ರೊಟ್ಟಿ ಸಾಲದ ಊರು’ ಅನ್ನುತ್ತೇವೆ. ಊರಿಗೆಲ್ಲ ಸೇರಿ ಒಂದೇ ದೊಡ್ಡ ಹೊಲ. ಅದರೊಳಗೆ ಮನೆಗೊಂದು ಉದ್ದನೆಯ ಪಟ್ಟೆ. ಪಟ್ಟೆಗಳ ನಡುವೆ ಬೇಲಿಯಿಲ್ಲ, ಇಡೀ ಹೊಲದ ಸುತ್ತ ಒಂದೇ ಬೇಲಿ. ನಿನ್ನ ಪಟ್ಟೆಯ ಕೊನೆಗೆ ಬರುವಷ್ಟು ಬೇಲಿ ನಿನ್ನದು. ಅದು ಬಿದ್ದು ದನ ನುಗ್ಗಿದರೆ ಊರಿಗೆಲ್ಲ ನೀನು ಹೊಣೆ. ಪ್ರತಿ ಏಪ್ರಿಲಿನಲ್ಲಿ ಬೇಲಿ ತಪಾಸಣೆ. ಇಪ್ಪತ್ತು ವರ್ಷದಿಂದ ಆ ಕೆಲಸ ಸಿಪ್ರಿಯನ್ನನದು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ಕಂಬ ಯಾರು ಯಾವ ವರ್ಷ ನೆಟ್ಟರು ಎಂದು ಕೇಳಿದರೆ ನಿಂತ ಕಾಲಲ್ಲಿ ಹೇಳುತ್ತಿದ್ದ.

ಅವನ ಬೇಲಿಯನ್ನು ನೋಡುವವರು ಯಾರು? ಪಕ್ಕದ ಪಟ್ಟೆಯವನು. ತಪಾಸಣೆಯವನು ತನ್ನ ಬೇಲಿಯ ವಿಷಯದಲ್ಲಿ ಒಳ್ಳೆಯದೋ ಕೆಟ್ಟದ್ದೋ ಒಂದು ಮಾತೂ ಆಡಕೂಡದು. ಇದು ನಮ್ಮಲ್ಲಿ ಮೊದಲಿನಿಂದ ಬಂದ ಕಟ್ಟಳೆ.

ಐದು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಕೂತವರು ನಮ್ಮ ನದಿ, ಕಾಡು, ಹೊಲ ಎಲ್ಲವನ್ನೂ ಅಮೆರಿಕನ್ನರಿಗೆ ಮಾರಿದ ಸುದ್ದಿ ದೋಣಿಯಲ್ಲಿ ಬಂತು. ಸಿಪ್ರಿಯನ್ ಕೇಳಿದ: “ನನ್ನ ದೊಡ್ಡ ಮಗಳಿಗಿಂತ ವಯಸ್ಸಲ್ಲಿ ಚಿಕ್ಕ ದೇಶ ಕಣೋ ಅದು. ಅಷ್ಟು ದುಡ್ಡು ಎಲ್ಲಿತ್ತಂತೆ? ಇಷ್ಟುದ್ದ ಜಾಗಕ್ಕೆ ಬೇಲಿ ಯಾರು ಹಾಕ್ತಾರಂತೆ?” ಮರುವರ್ಷ ಮಾರ್ಚಿನಲ್ಲಿ ಸೇಂಟ್ ಲೂಯಿಸಿಗೆ ನಡೆದು ಹೋಗಿ ಬಾವುಟಗಳನ್ನು ನೋಡಿ ಬಂದ. ಅದುವರೆಗೆ ನಮ್ಮನ್ನು ಆಳಿದ ಸ್ಪೇನಿನದು ಇಳಿಯಿತು, ಫ್ರಾನ್ಸಿನದು ಏರಿತು. ಜನ ಬೇಡಿಕೊಂಡದ್ದಕ್ಕೆ ಅದನ್ನು ಮರುದಿನದವರೆಗೆ ಬಿಟ್ಟು, ಆಮೇಲೆ ಅಮೆರಿಕದ್ದು ಏರಿಸಿದರು. ಹೇಗಿತ್ತೋ ಎಂದು ಕೇಳಿದೆ. “ಮೂರಕ್ಕೂ ಒಂದೇ ಕಂಬ. ಕಂಬ ಗಟ್ಟಿ ಇತ್ತು,” ಅಂದ.

ಹೊಸ ಸರ್ಕಾರ ಎಲ್ಲರ ಜಮೀನಿಗೂ ಕಾಗದ ಕೇಳಿತು. ನಮ್ಮಲ್ಲಿ ಕಾಗದ ಎಲ್ಲಿಯದು? ಸ್ಪೇನಿನ ಅಧಿಕಾರಿ ಕೈ ತೋರಿಸಿ “ಉತ್ಕೋ” ಅಂದಿದ್ದ, ನಾವು ಉತ್ತೆವು. ಮೊಹರಿಗಾಗಿ ನ್ಯೂ ಆರ್ಲಿಯನ್ಸಿನವರೆಗೆ ಯಾರು ದೋಣಿ ಹತ್ತಿ ಹೋಗುತ್ತಾರೆ? ಕಾಗದ ಇಲ್ಲದವರು ಹಳೆಯ ಸಾಗುವಳಿಗೆ ಸಾಕ್ಷಿ ತಂದು ಅರ್ಜಿ ದಾಖಲು ಮಾಡಬೇಕು, ಇಲ್ಲವಾದರೆ ಜಮೀನು ಸರ್ಕಾರದ್ದು. ಗಡುವು ಈ ಜೂನ್ ಕೊನೆ. ಕೊನೆಯ ದಿನ ಆ ಗುರುವಾರ.

ಬೆಳಿಗ್ಗೆ ಏಳಕ್ಕೆ ಸೇಂಟ್ ಲೂಯಿಸಿನ ಕಚೇರಿಯಲ್ಲಿದ್ದೆವು. ನಾನು ದುಭಾಷಿ; ಊರಿನವರ ಅರ್ಜಿಗಳನ್ನು ಬರೆದು ಹಾಕಿದವನೂ ನಾನೇ. ಎಲ್ಲರ ಪರವಾಗಿ ಸಾಕ್ಷಿ ಹೇಳಲು ಸಿಪ್ರಿಯನ್ ಎದ್ದು ನಿಂತ. ಮೊದಲು ಹನ್ನೊಂದನೇ ಪಟ್ಟೆ, ಅವನ ಪಕ್ಕದ ಗಾಸ್ಪಾರನದು.

“ಮಹಾ ನೆರೆ ಬಂದ ವರ್ಷ ದೇವದಾರು ಕಂಬ ನೆಟ್ಟ. ದೊಡ್ಡ ಚಳಿಯ ವರ್ಷ ಆರು ಬದಲಾಯಿಸ್ದ.”

ಗುಮಾಸ್ತ ಲೇಖನಿ ಎತ್ತಿ ನನ್ನ ಮುಖ ನೋಡಿದ. ನಮ್ಮ ಜನ ವರ್ಷಕ್ಕೆ ಅಂಕಿ ಹೇಳುವುದಿಲ್ಲ. “ಸಾವಿರದ ಏಳುನೂರ ಎಂಬತ್ತೈದು, ತೊಂಬತ್ತೊಂಬತ್ತು,” ಎಂದೆ. ಹನ್ನೆರಡನೇ ಪಟ್ಟೆ, ಹದಿನಾಲ್ಕನೆಯದು, ವಿಧವೆಯ ಅರ್ಧ ಪಟ್ಟೆ. ಅವನು ಕಣ್ಣು ಮುಚ್ಚಿ ಬೇಲಿಯ ಗುಂಟ ನಡೆಯುತ್ತಿದ್ದ, ನಾನು ಹಿಂದೆ ಹಿಂದೆ ಓಡುತ್ತಿದ್ದೆ. ನಡುವೆ ಅಧಿಕಾರಿಯೊಬ್ಬರು ಬೇಕೆಂದೇ ಆಗಲೇ ಹೇಳಿ ಮುಗಿಸಿದ್ದ ಪಟ್ಟೆಯೊಂದನ್ನು ಮತ್ತೆ ಕೇಳಿದರು. ಅದೇ ಕಂಬ, ಅದೇ ವರ್ಷ. ಮಧ್ಯಾಹ್ನದೊಳಗೆ ಮೂವತ್ತೊಂದು ಮನೆಗಳ ಹೊಲ ದಾಖಲಾಯಿತು. ಜೊತೆಗೆ ಬಂದಿದ್ದ ನಾಲ್ಕಾರು ಜನ ಗೋಧಿ ಕೊಯ್ಲಿಗೆಂದು ನಗುತ್ತ ಹೊರಟುಹೋದರು.

“ಇನ್ನು ನಿಂದು,” ಎಂದೆ.

“ನಂದು ನಾನು ಹೇಳೋ ಹಾಗಿಲ್ವಲ್ಲ.”

“ಅರ್ಜಿ ಹಾಕಿದೀಯಾ?”

“ನೀನು ಹಾಕಿರ್ತೀಯ ಅಂದ್ಕೊಂಡಿದ್ದೆ.”

ಅಲ್ಲೇ ಕೂತು ಅರ್ಜಿ ಬರೆದೆ. ಸಾಕ್ಷಿ? ಪ್ರಮಾಣ ಮಾಡಿದ ದುಭಾಷಿ ನಾನು, ಸಾಕ್ಷಿ ಹೇಳುವಂತಿಲ್ಲ. ನೀನೇ ಹೇಳು ಎಂದು ಬೇಡಿಕೊಂಡೆ.

“ನನ್ನ ಬೇಲಿ ನೋಡಿರೋನು ಗಾಸ್ಪಾರ್. ಅವನು ಹೇಳ್ಬೇಕು.”

“ಅವನು ನಿನ್ನ ಜೊತೆ ಮಾತಾಡಿ ಎರಡು ವರ್ಷ ಆಯ್ತು.”

“ಮಾತಾಡದೇ ಇದ್ರೂ ನೋಡಿದಾನೆ.”

ಐದು ಗಂಟೆಗೆ ಬಾಗಿಲು ಹಾಕುತ್ತೇವೆ ಎಂದರು. ಎರಡು ಹರದಾರಿ ದಾರಿ. ಎರವಲು ತಂದ ಕುದುರೆ. ಅಷ್ಟು ಜೋರಾಗಿ ನನ್ನ ಜನ್ಮದಲ್ಲಿ ಓಡಿಸಿಲ್ಲ; ಟೋಪಿ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ.

ಗಾಸ್ಪಾರ್ ಕೊಯ್ಲಿನಲ್ಲಿದ್ದ. “ಹೋದ್ರೆ ಹೋಗ್ಲಿ ಅವನ ಹೊಲ. ನನ್ನ ಬೇಲಿ ಮುರಿದು ಎತ್ತು ನುಗ್ಗಿತು ಅಂತ ಚರ್ಚಿನ ಬಾಗಿಲಲ್ಲಿ ಸಾರಿ ನನ್ನ ಎತ್ತಿನ ಮಾನ ಕಳೆದೋನು.”

“ಎತ್ತಿಂದಲ್ಲ, ನಿಂದು ಕಳೆದಿದ್ದು.”

“ಅದಿನ್ನೂ ಕೆಟ್ಟದ್ದು.”

ಸಿವುಡು ಕಟ್ಟುತ್ತಿದ್ದ ಅವನ ಹೆಂಡತಿ ತಲೆಯೆತ್ತಿದಳು. “ರೀ, ಆ ಮನುಷ್ಯ ಬೆಳಿಗ್ಗೆ ನಮ್ಮ ಹೊಲಕ್ಕೆ ಏನು ಹೇಳಿದನಂತೆ, ಕೇಳ್ರಿ ಮೊದಲು.”

“ಎಲ್ಲಕ್ಕಿಂತ ಮೊದಲು ನಿಮ್ಮದೇ ಹೇಳಿದ್ದು ತಾಯಿ. ಆರು ಕಂಬ ಬದಲಾಯಿಸಿದ್ದೂ ಸೇರಿಸಿ.”

ಗಾಸ್ಪಾರ್ ಕುಡುಗೋಲು ಕೆಳಗಿಟ್ಟ. ಕುದುರೆಯ ಮೇಲೆ ನನ್ನ ಹಿಂದೆ ಕೂತು ಸೇಂಟ್ ಲೂಯಿಸ್ ಮುಟ್ಟುವವರೆಗೆ ಸಿಪ್ರಿಯನ್ನನನ್ನು ಬೈದ. ಕಚೇರಿಯ ಮೆಟ್ಟಿಲೇರುವಾಗ ಐದಕ್ಕೆ ಹತ್ತು ನಿಮಿಷ.

“ಇವರು ನಿಮ್ಮ ಸ್ನೇಹಿತರೇ?” ಅಧಿಕಾರಿ ಕೇಳಿದರು.

“ಅಲ್ಲ.”

“ಸಂಬಂಧಿಕರೇ?”

“ದೇವರು ದೊಡ್ಡವನು, ಅಲ್ಲ.”

ಅಷ್ಟನ್ನೂ ಅನುವಾದಿಸಿದೆ. ಗುಮಾಸ್ತ ಕೆಮ್ಮಿದ.

“ಬೇಲಿ ಯಾವಾಗಿನದು?”

“ಹತ್ತು ದೋಣಿ ಒಟ್ಟಿಗೆ ಬಂದ ವರ್ಷದ್ದು.”

“ಎಂಬತ್ತೆಂಟು,” ಎಂದೆ.

“ಯಾವಾಗಲಾದರೂ ಬಿದ್ದಿತ್ತೇ?”

“ಈ ಎರಡು ವರ್ಷ ತಪ್ಪು ಹುಡುಕ್ತಾ ಮಂಡಿ ಊರಿ ನೋಡಿದೀನಿ ಸ್ವಾಮಿ. ಸಿಕ್ಕಿದ್ರೆ ಬಿಡ್ತಿದ್ನಾ? ಅವನ ಬೇಲಿಯಲ್ಲಿ ಒಂದು ಕಂಬಾನೂ ಅಲುಗಲ್ಲ.”

ಬರೆದುಕೊಂಡರು. ಸಿಪ್ರಿಯನ್ ಸಹಿಯ ಜಾಗದಲ್ಲಿ ಶಿಲುಬೆಯ ಗುರುತು ಹಾಕಿದ. ತೀರ್ಪು ಬರಲು ವರ್ಷಗಳೇ ಬೇಕಾಗಬಹುದು. ಆದರೆ ಹೊಲ ಪುಸ್ತಕದಲ್ಲಿ ಸೇರಿತು. ಅವನ ಹೆಂಡತಿ ಮೆಲಾನಿ ಈ ಸಲದ ಗೋಧಿಯನ್ನು ತನ್ನದೆಂದೇ ಕೊಯ್ಯಬಹುದು.

ವಾಪಸು ಬರುವಾಗ ನಮ್ಮ ಊರಿನ ಗಾಡಿಯೊಂದು ಸಿಕ್ಕಿತು. ಮೂವರೂ ಒಂದೇ ಹಲಗೆಯ ಮೇಲೆ ಕೂತೆವು. ಗೆದ್ದ ಹುಡುಗರಂತೆ ನಾನೂ ಗಾಸ್ಪಾರನೂ ಆ ಅಧಿಕಾರಿಯ ಪ್ರಶ್ನೆಗಳನ್ನೆಲ್ಲ ಮತ್ತೆ ಮತ್ತೆ ಆಡಿ ನಕ್ಕೆವು. ಸಿಪ್ರಿಯನ್ ಮಾತ್ರ ಬೇಲಿಯ ಕಡೆಗೇ ನೋಡುತ್ತಿದ್ದ. ಅವನ ಪಟ್ಟೆ ಬಂದಾಗ ಗಾಡಿ ನಿಲ್ಲಿಸಲು ಹೇಳಿದ. ಹೊತ್ತು ಇನ್ನೂ ಮುಳುಗಿರಲಿಲ್ಲ.

“ನಾಲ್ಕನೇ ಕಂಬ,” ಅಂದ. ಇಪ್ಪತ್ತು ವರ್ಷದಲ್ಲಿ ತನ್ನ ಬೇಲಿ ಹೇಗಿದೆ ಎಂಬ ಬಗ್ಗೆ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

“ಅದಕ್ಕೇನಾಗಿದೆ?” ಗಾಸ್ಪಾರ್ ಕೇಳಿದ.

“ಬುಡ ಕೊಳೀತಿದೆ. ಮಣ್ಣು ಸರಿಸಿದ್ರೆ ಕಾಣ್ತಿತ್ತು. ನೀನು ಸರಿಸಿಲ್ಲ.”

“ಪ್ರಮಾಣ ಮಾಡಿ ಬಂದಿದೀನಲ್ಲೋ, ಮಾರಾಯ.”

“ಅದಕ್ಕೇ ಇಳೀತಿರೋದು. ಕತ್ತಲಾಗೋದ್ರೊಳಗೆ ನಿನ್ನ ಮಾತು ನಿಜ ಮಾಡ್ಬೇಕು.”

ನಾವಿಬ್ಬರೂ ಕೈ ಹಾಕಲು ಹೋದರೆ ಬಿಡಲಿಲ್ಲ. ಹಳೆಯದನ್ನು ತಾನೇ ಕಿತ್ತ, ಗುಂಡಿ ಆಳ ಮಾಡಿದ, ಬದುವಿನ ಮೇಲೆ ಒಣಗಲು ಇಟ್ಟಿದ್ದ ದೇವದಾರು ಕಂಬವನ್ನು ತಂದು ನಿಲ್ಲಿಸಿದ. ಸುತ್ತ ಮಣ್ಣು ಹಾಕಿ ಗಟ್ಟಿಯಾಗಿ ತುಳಿದ. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೆವರು ಒರೆಸಿಕೊಳ್ಳುತ್ತ, ಗಾಸ್ಪಾರನಿಗೆ ಅಂದ:

“ಈಗ ಅಲುಗಿಸಿ ನೋಡು.”